ಯಾರೂ ಎತ್ತಿಡದ ಕಾರಿಗೇ ಬೆಲೆ ಜಾಸ್ತಿ: ಹಳೇ ಆಟದ ಕಾರುಗಳ ಕಥೆ

ಈ ಸಲದ ವಿಷಯ ಆಟದ ಕಾರು. ಮಕ್ಕಳ ವಿಷಯ ಅಂತ ಮುಂದೆ ಹೋಗ್ಬೇಡಿ. ನಮ್ಮ ಆಫೀಸುಗಳಲ್ಲೇ ಮಾನಿಟರ್ ಕೆಳಗೆ ನಾಲ್ಕೈದು ಹಾಟ್ ವೀಲ್ಸ್ ಸಾಲಾಗಿ ನಿಲ್ಲಿಸಿಕೊಂಡವರು ಎಷ್ಟು ಜನ ಇಲ್ಲ ಹೇಳಿ? ಅಂಗೈಯಲ್ಲಿ ಮುಚ್ಚಿಹೋಗುವ ಒಂದು ತಗಡಿನಂಥ ಕಾರಿಗೆ ಸಾವಿರಾರು ರೂಪಾಯಿ ಕೊಡೋರೂ ಇದ್ದಾರೆ. ಯಾಕೆ ಅಂತ ಕೇಳಿದ್ರೆ 'ಹಳೇದು ಸಾರ್, ಅದಕ್ಕೇ ಬೆಲೆ' ಅಂತಾರೆ. ಅದು ಅರ್ಧ ಉತ್ತರ ಅಷ್ಟೇ.

ಮೊದಲು ಈ ಕಾರು ಇಷ್ಟು ಚಿಕ್ಕದಾಗಿದ್ದು ಹೇಗೆ ನೋಡೋಣ. 1947ರಲ್ಲಿ ಲಂಡನ್ನಿನಲ್ಲಿ ಲೆಸ್ಲಿ ಸ್ಮಿತ್, ರಾಡ್ನಿ ಸ್ಮಿತ್ ಅಂತ ಇಬ್ಬರು ಗೆಳೆಯರು ಒಂದು ಎರಕದ ಕಾರ್ಖಾನೆ ಶುರು ಮಾಡಿದ್ರು. ಇಬ್ಬರಿಗೂ ನೆಂಟಸ್ತನ ಏನಿಲ್ಲ, ಹೆಸರು ಮಾತ್ರ ಒಂದೇ. ಇಬ್ಬರ ಮೊದಲ ಹೆಸರನ್ನೂ ಕತ್ತರಿಸಿ ಸೇರಿಸಿದಾಗ ಕಂಪನಿ 'ಲೆಸ್ನಿ' ಆಯ್ತು. ಅವರ ಜೊತೆ ಸೇರಿಕೊಂಡ ಜ್ಯಾಕ್ ಓಡೆಲ್ ಅನ್ನೋರ ಮಗಳ ಶಾಲೆಯಲ್ಲಿ ಒಂದು ರೂಲ್ ಇತ್ತು: ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆ ಮಾತ್ರ ತರಬಹುದು. ಅಪ್ಪ ರೋಡ್ ರೋಲರ್ ಒಂದನ್ನು ಆ ಅಳತೆಗೇ ಮಾಡಿಕೊಟ್ಟ. 1953ರಲ್ಲಿ ಬಂದ ಮ್ಯಾಚ್‌ಬಾಕ್ಸ್ ಸರಣಿ ಹುಟ್ಟಿದ್ದು ಹಾಗೆ.

ನಮ್ಮ ಭಾಷೇಲಿ ಹೇಳೋದಾದ್ರೆ, ರಿಕ್ವೈರ್‌ಮೆಂಟ್ ಒಂದೇ ಸಾಲು: ಡಬ್ಬಿಗೆ ಹಿಡಿಸಬೇಕು. ಅದಕ್ಕೇ ಆ ಕಾಲದ ಮ್ಯಾಚ್‌ಬಾಕ್ಸ್‌ನಲ್ಲಿ ಡಬಲ್ ಡೆಕರ್ ಬಸ್ಸೂ ಕಾರೂ ಹೆಚ್ಚುಕಡಿಮೆ ಒಂದೇ ಉದ್ದ. ಯಾವ ಗೆರೆ ಇಟ್ಕೊಳ್ಳಬೇಕು, ಯಾವುದನ್ನ ಬಿಡಬೇಕು ಅಂತ ಯಾರೋ ಒಬ್ಬ ಕೂತು ಯೋಚಿಸಿದ್ದಾನೆ. ಕೈಗೆತ್ತಿಕೊಂಡಾಗ ಖುಷಿ ಕೊಡೋದು ಆ ಯೋಚನೆ ಅಂತ ನನಗನ್ಸುತ್ತೆ.

ಆಮೇಲೆ 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ತಂತು. ತೆಳು ತಂತಿಯ ಆಕ್ಸಲ್, ಚಕ್ರಕ್ಕೆ ಪ್ಲಾಸ್ಟಿಕ್ ಬುಶ್, ಲೋಹದ ಹೊಳಪು ಕಾಣೋ ಹಾಗೆ ಪಾರದರ್ಶಕ ಬಣ್ಣ. ತಳ್ಳಿದ್ರೆ ಓಡೋ ಕಾರು! ಅದರ ಮುಂದೆ ಮ್ಯಾಚ್‌ಬಾಕ್ಸ್ ಎತ್ತಿನಗಾಡಿ ಥರ ಕಾಣಿಸ್ತು. ಲೆಸ್ನಿಯವರು ಮರುವರ್ಷವೇ 'ಸೂಪರ್‌ಫಾಸ್ಟ್' ಚಕ್ರ ಹಾಕಿದ್ರು, ಆದ್ರೂ 1982ರಲ್ಲಿ ದಿವಾಳಿಯಾದ್ರು. ತಮಾಷೆ ಏನಂದ್ರೆ 1997ರಿಂದ ಮ್ಯಾಚ್‌ಬಾಕ್ಸ್ ಕೂಡ ಮ್ಯಾಟೆಲ್‌ನದ್ದೇ.

ಈಗ ಬೆಲೆ ವಿಷಯಕ್ಕೆ ಬರೋಣ. ಈ ಕಾರುಗಳನ್ನ ಲಕ್ಷಗಟ್ಟಲೆ ಮಾಡಿದ್ದು ಆಡಿ ಹಾಳು ಮಾಡೋಕೆ. ಮಣ್ಣಲ್ಲಿ ಹೂತಿದ್ದು, ಮೆಟ್ಟಿಲಿಂದ ಉರುಳಿಸಿದ್ದು, ಚಕ್ರ ಕಿತ್ತಿದ್ದು ಎಲ್ಲ ಆಗಿ, ಡಬ್ಬಿ ಸಮೇತ ಉಳಿದದ್ದು ಬೆರಳೆಣಿಕೆ. ಇದಕ್ಕಿಂತ ವಿಚಿತ್ರ ಅಂದ್ರೆ ಮಾರಾಟಕ್ಕೇ ಬಾರದ ಕಾರು. 1969ರ ಹೊತ್ತಿಗೆ ಫೋಕ್ಸ್‌ವ್ಯಾಗನ್ ವ್ಯಾನಿನ ಒಂದು ಮಾದರಿ ಮಾಡಿದ್ರು, ಹೆಸರು 'ಬೀಚ್ ಬಾಂಬ್'. ಹಿಂದಿನ ಕಿಟಕಿಯಿಂದ ಎರಡು ಸರ್ಫ್‌ಬೋರ್ಡ್ ಚಾಚಿಕೊಂಡಿರ್ತಿತ್ತು. ಟ್ರ್ಯಾಕ್ ಮೇಲೆ ಕಾರನ್ನು ಮುಂದಕ್ಕೆ ದೂಡುವ 'ಸೂಪರ್ ಚಾರ್ಜರ್' ಯಂತ್ರದಲ್ಲಿ ಅದು ಸರಿಯಾಗಿ ಓಡಲಿಲ್ಲ: ಅಗಲ ಕಮ್ಮಿ, ತಲೆಭಾರ ಜಾಸ್ತಿ. ಅಗಲ ಮಾಡಿ, ಬೋರ್ಡುಗಳನ್ನ ಪಕ್ಕಕ್ಕೆ ಸರಿಸಿ ಬೇರೆ ಡಿಸೈನ್ ಮಾಡಿದ್ರು. ಟೆಸ್ಟಿಂಗ್‌ನಲ್ಲಿ ಫೇಲಾದ ಆ ಹಳೇ ಬಿಲ್ಡಿನ ಗುಲಾಬಿ ಬಣ್ಣದ ಕಾರಿಗೆ ಇವತ್ತು ಲಕ್ಷ ಡಾಲರಿಗೂ ಮೇಲೆ ಬೆಲೆ ಕಟ್ತಾರೆ. ಬಗ್ ಇದ್ದದ್ದಕ್ಕೇ ಮರ್ಯಾದೆ!

ಹಾಗಾದ್ರೆ ಈಗ ಹೊಸ ಕಾರು ತಂದು, ಪ್ಯಾಕ್ ಬಿಚ್ಚದೆ ಬೀರುವಲ್ಲಿಟ್ರೆ ಇಪ್ಪತ್ತು ವರ್ಷಕ್ಕೆ ದುಡ್ಡಾಗುತ್ತಾ? ಇಲ್ಲಿ ನನಗೆ ನಂಬಿಕೆ ಇಲ್ಲ. ಆವತ್ತು ಯಾರೂ ಎತ್ತಿಡಲಿಲ್ಲ, ಅದಕ್ಕೇ ಅಪರೂಪ ಆಯ್ತು. ಇವತ್ತು ಎಲ್ಲರೂ ಎತ್ತಿಡ್ತಿದ್ದಾರೆ. 1995ರಿಂದ 'ಟ್ರೆಷರ್ ಹಂಟ್' ಅಂತ ಕಂಪನಿಯೇ ಬೇಕಂತಲೇ ಕಮ್ಮಿ ಕಾರು ಬಿಡ್ತಿದೆ. ಮಾಡಿಸಿದ ಅಪರೂಪಕ್ಕೂ ತಾನಾಗಿ ಆದ ಅಪರೂಪಕ್ಕೂ ವ್ಯತ್ಯಾಸ ಇದೆ ರೀ.

ಎತ್ತಿಟ್ಟ ತಕ್ಷಣ ಉಳಿಯುತ್ತೆ ಅಂತಲೂ ಇಲ್ಲ. ಇವುಗಳ ಮೈ ಸತುವಿನ ಮಿಶ್ರಲೋಹ. ಎರಕ ಹೊಯ್ಯುವಾಗ ಚೂರು ಸೀಸ ಬೆರೆತಿದ್ರೂ ವರ್ಷಗಳು ಕಳೆದ ಮೇಲೆ ಒಳಗಿಂದಲೇ ಬಿರುಕು ಬಿಟ್ಟು ಪುಡಿಯಾಗುತ್ತೆ. ಸಂಗ್ರಾಹಕರು ಇದನ್ನ 'ಜಿಂಕ್ ಪೆಸ್ಟ್' ಅಂತಾರೆ. ಎರಡನೇ ಮಹಾಯುದ್ಧಕ್ಕಿಂತ ಮುಂಚಿನ ಎಷ್ಟೋ ಡಿಂಕಿ ಕಾರುಗಳು ಹೋಗಿದ್ದು ಹೀಗೆ, ಯಾವ ಮಗುವೂ ಮುಟ್ಟದೆ. ಇದಕ್ಕೆ ಮದ್ದಿಲ್ಲ.

ಭಾರತದ್ದೂ ಇದರಲ್ಲೊಂದು ಪಾಲಿದೆ. ಇಂಗ್ಲೆಂಡಿನ ಡಿಂಕಿ ಕಾರುಗಳ ಹಳೇ ಅಚ್ಚುಗಳು 60ರ ದಶಕದಲ್ಲಿ ಕಲ್ಕತ್ತಾಗೆ ಬಂದು, ಅಲ್ಲಿ 'ನಿಕ್ಕಿ ಟಾಯ್ಸ್' ಹೆಸರಲ್ಲಿ ಕಾರು ತಯಾರಾದ್ವು. ಸವೆದ ಅಚ್ಚು, ಒರಟು ಬಣ್ಣ. ಆಮೇಲೆ ಬಂದ 'ಲಿಯೋ ಮ್ಯಾಟೆಲ್' ಹಾಟ್ ವೀಲ್ಸ್ ಕೂಡ ಇಲ್ಲೇ ಮಾಡಿದ್ದು. ವಿದೇಶಿ ಸಂಗ್ರಾಹಕರು ಈಗ ಇವನ್ನೇ ಹುಡುಕ್ತಾರೆ.

ಮುಂಬೈ ಚೋರ್ ಬಜಾರಿನಲ್ಲೋ ಆನ್‌ಲೈನಲ್ಲೋ ಕೊಳ್ಳೋರಿಗೆ ಒಂದು ಮಾತು. ಕಾರಿನ ಅಡಿಯಲ್ಲಿರೋ ಇಸವಿ ಆ ಡಿಸೈನಿನ ಕಾಪಿರೈಟ್ ವರ್ಷ, ಕಾರು ತಯಾರಾದ ವರ್ಷ ಅಲ್ಲ. '1969ದ್ದು' ಅಂತ ಮಾರೋದು ಹೋದ ವರ್ಷದ್ದೇ ಇರಬಹುದು. ಈಚಿನ ಹಾಟ್ ವೀಲ್ಸ್‌ನಲ್ಲಿ ಅಡಿಗೆ ಒಂದು ಅಕ್ಷರ, ಎರಡು ಅಂಕಿ ಇರುತ್ತೆ: ಅಕ್ಷರ ವರ್ಷಕ್ಕೆ, ಅಂಕಿ ವಾರಕ್ಕೆ. ರಿವೆಟ್ ಕೊರೆದಿದ್ರೆ ಕಾರನ್ನ ಬಿಚ್ಚಿದ್ದಾರೆ ಅಂತಲೇ ಅರ್ಥ; ಚಕ್ರ ಬದಲಾಗಿರಬಹುದು, ಬಣ್ಣವೂ.

ನಿಮ್ಮ ಬಾಲ್ಯದ ಕಾರುಗಳು ಊರಲ್ಲಿ ಅಟ್ಟದ ಮೇಲೆ ಬಿಸ್ಕೆಟ್ ಡಬ್ಬಿಯಲ್ಲಿ ಇದ್ರೆ, ಗುಜರಿಯವನಿಗೆ ಹೋಗೋ ಮುಂಚೆ ಅಮ್ಮನಿಗೆ ಫೋನ್ ಮಾಡಿ. ಬಣ್ಣ ಎದ್ದಿದ್ರೂ ಹೊಸದಾಗಿ ಬಳಿಸಬೇಡಿ, ಕೆರೆದು ತೊಳೆಯೋದೂ ಬೇಡ. ಕಾರನ್ನ ಮಗುಚಿ ಅಡಿಭಾಗದ ಒಂದು ಫೋಟೋ ಕಳಿಸೋಕೆ ಹೇಳಿ ಸಾಕು.