ಸರ್ಕಾರಿ ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆ, ದಾಖಲಾತಿ ಮತ್ತು ಬಿಡುಗಡೆ: ಹುದಿಕೇರಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ

ತುರ್ತು ಚಿಕಿತ್ಸಾ ವಿಭಾಗದಲ್ಲಿ ರೋಗಿಗಳು ದೀರ್ಘಕಾಲ ಕಾಯಬೇಕಾಗುವುದಕ್ಕೆ ಬರುವವರ ಸಂಖ್ಯೆಯೊಂದೇ ಕಾರಣವಲ್ಲ. ಗುಣಮುಖರಾದವರ ಬಿಡುಗಡೆ ವಿಳಂಬವಾದಲ್ಲಿ ವಾರ್ಡಿನ ಹಾಸಿಗೆ ತೆರವಾಗುವುದಿಲ್ಲ. ಹಾಸಿಗೆ ತೆರವಾಗದಿದ್ದಲ್ಲಿ ತುರ್ತು ವಿಭಾಗದಲ್ಲಿರುವ ರೋಗಿಯನ್ನು ವಾರ್ಡಿಗೆ ವರ್ಗಾಯಿಸಲಾಗದು. ಆಗ ಹೊಸದಾಗಿ ಬಂದ ಗಂಭೀರ ರೋಗಿಗೆ ಸ್ಥಳ ದೊರೆಯುವುದಿಲ್ಲ. ಈ ವಿಳಂಬವನ್ನು ತಪ್ಪಿಸಲು ಸಾರ್ವಜನಿಕರು ಕೆಳಕಂಡ ಅಂಶಗಳನ್ನು ಗಮನಿಸುವುದು.

1. ಮೊದಲು ಎಲ್ಲಿಗೆ ಹೋಗಬೇಕು?
ಜ್ವರ, ಕೆಮ್ಮು, ಸಣ್ಣ ಗಾಯ, ರಕ್ತದೊತ್ತಡ ಹಾಗೂ ಮಧುಮೇಹದ ತಪಾಸಣೆ, ಗರ್ಭಿಣಿಯರ ತಪಾಸಣೆ ಮತ್ತು ಲಸಿಕೆಗಾಗಿ ಹುದಿಕೇರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು. ಹೆಚ್ಚಿನ ಚಿಕಿತ್ಸೆ ಅಗತ್ಯವಿದ್ದಲ್ಲಿ ವೈದ್ಯಾಧಿಕಾರಿಯವರು ಗೋಣಿಕೊಪ್ಪಲಿನ ಸಮುದಾಯ ಆರೋಗ್ಯ ಕೇಂದ್ರಕ್ಕೆ, ವಿರಾಜಪೇಟೆಯ ತಾಲ್ಲೂಕು ಆಸ್ಪತ್ರೆಗೆ ಅಥವಾ ಮಡಿಕೇರಿಯ ಜಿಲ್ಲಾ ಬೋಧಕ ಆಸ್ಪತ್ರೆಗೆ ಶಿಫಾರಸು ಮಾಡುವರು. ಶಿಫಾರಸು ಪತ್ರ ಹಾಗೂ ಹಿಂದಿನ ಚಿಕಿತ್ಸಾ ದಾಖಲೆಗಳನ್ನು ತಪ್ಪದೇ ಕೊಂಡೊಯ್ಯುವುದು.

2. ತುರ್ತು ಸಂದರ್ಭದಲ್ಲಿ
ಎದೆನೋವು, ಉಸಿರಾಟದ ತೊಂದರೆ, ಪಾರ್ಶ್ವವಾಯುವಿನ ಲಕ್ಷಣ, ಹಾವು ಕಡಿತ, ತೀವ್ರ ರಕ್ತಸ್ರಾವ ಅಥವಾ ಹೆರಿಗೆ ನೋವು ಕಂಡುಬಂದಲ್ಲಿ ಕೂಡಲೇ 108ಕ್ಕೆ ಕರೆ ಮಾಡುವುದು. 2008ರಲ್ಲಿ ರಾಜ್ಯದಲ್ಲಿ ಆರಂಭವಾದ ಈ 'ಆರೋಗ್ಯ ಕವಚ' ಸೇವೆ ಉಚಿತವಾಗಿರುತ್ತದೆ. ತೋಟದ ಹೆಸರು, ಹತ್ತಿರದ ಗುರುತು ಹಾಗೂ ಮಳೆಯಿಂದ ರಸ್ತೆ ಬಂದ್ ಆಗಿದ್ದಲ್ಲಿ ಆ ವಿವರವನ್ನೂ ತಿಳಿಸುವುದು. ಹಾವು ಕಡಿದ ಭಾಗವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ನಾಟಿ ಔಷಧಿಗಾಗಿ ಸಮಯ ಕಳೆಯಬಾರದು.

3. ಆದ್ಯತೆಯ ಕ್ರಮ
ತುರ್ತು ವಿಭಾಗದಲ್ಲಿ ಬಂದ ಸಮಯಕ್ಕನುಗುಣವಾಗಿ ಅಲ್ಲ, ರೋಗದ ಗಂಭೀರತೆಗನುಗುಣವಾಗಿ ಚಿಕಿತ್ಸೆ ನೀಡಲಾಗುತ್ತದೆ. ನಂತರ ಬಂದವರನ್ನು ಮೊದಲು ಪರೀಕ್ಷಿಸಿದಲ್ಲಿ ಅನ್ಯಥಾ ಭಾವಿಸಬಾರದು. ಕಾಯುತ್ತಿರುವವರ ಸ್ಥಿತಿ ಹದಗೆಟ್ಟಲ್ಲಿ ಶುಶ್ರೂಷಕರ ಗಮನಕ್ಕೆ ಕೂಡಲೇ ತರುವುದು.

4. ಯೋಜನೆಯ ಸೌಲಭ್ಯ
2018ರಿಂದ ಜಾರಿಯಲ್ಲಿರುವ 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಆಧಾರ್ ಹಾಗೂ ಪಡಿತರ ಚೀಟಿ ಹಾಜರುಪಡಿಸತಕ್ಕದ್ದು. ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಅಗತ್ಯ. ಯೋಜನೆಯಲ್ಲಿ ಗುರುತಿಸಿದ ತುರ್ತು ಚಿಕಿತ್ಸೆಗಳಿಗೆ ಅಗತ್ಯವಿಲ್ಲ.

5. ಬಿಡುಗಡೆ
ಬಿಡುಗಡೆಯ ದಿನವನ್ನು ವೈದ್ಯರಿಂದ ಮುಂಚಿತವಾಗಿ ತಿಳಿದುಕೊಂಡು, ವಾಹನ ಹಾಗೂ ಮನೆಯಲ್ಲಿನ ಆರೈಕೆಗೆ ವ್ಯವಸ್ಥೆ ಮಾಡಿಕೊಳ್ಳುವುದು. ಬಿಡುಗಡೆ ಪತ್ರದಲ್ಲಿ ಔಷಧಿಗಳ ವಿವರ ಮತ್ತು ಮರುತಪಾಸಣೆಯ ದಿನಾಂಕ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳುವುದು. ಮರುತಪಾಸಣೆಯನ್ನು ಹುದಿಕೇರಿಯಲ್ಲಿಯೇ ಮಾಡಿಸಬಹುದೇ ಎಂಬುದನ್ನೂ ವಿಚಾರಿಸುವುದು.

ಸಕಾಲದಲ್ಲಿ ತೆರವಾದ ಒಂದು ಹಾಸಿಗೆಯು ಮತ್ತೊಬ್ಬರ ಜೀವ ಉಳಿಸಬಲ್ಲದು. ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ.