ಎತ್ತರದ ಕಾರು ಮತ್ತು ಭೌತಶಾಸ್ತ್ರದ ತಕ್ಕಡಿ

ಹೊಸ ಕಾರನ್ನು ಕೊಳ್ಳಲು ಹೊರಟ ಮನೆಯಲ್ಲಿ ಮದುವೆಯ ಮನೆಯಷ್ಟೇ ಮಾತುಕತೆ ನಡೆಯುತ್ತದೆ. ಕಳೆದ ಬೇಸಗೆಯಲ್ಲಿ ನಮ್ಮ ಕಾಲೇಜಿನ ಹಿರಿಯ ಕನ್ನಡ ಅಧ್ಯಾಪಕರೊಬ್ಬರು ಮೂರು ಕಂಪನಿಗಳ ವಿವರಪತ್ರಗಳನ್ನು ಕೈಯಲ್ಲಿ ಹಿಡಿದು ನಮ್ಮ ಪ್ರಯೋಗಶಾಲೆಗೆ ಬಂದರು. "ನೀವು ಭೌತಶಾಸ್ತ್ರದವರು. ಇವುಗಳಲ್ಲಿ ಯಾವುದು ವಾಸಿ, ಹೇಳಿಬಿಡಿ ಸ್ವಾಮಿ" ಎಂದರು.

ಅವರ ಮನೆಯಲ್ಲಿ ಐದು ಮಂದಿ. ಮಂಡಿನೋವಿನ ವೃದ್ಧ ತಾಯಿ, ದಂಪತಿಗಳು, ಪಿ.ಯು. ತರಗತಿಯ ಮಗ, ಆರು ವರ್ಷದ ಮಗಳು. ವರ್ಷಕ್ಕೆ ನಾಲ್ಕಾರು ಬಾರಿ ಹಾಸನದಿಂದ ಚಾರ್ಮಾಡಿ ಘಾಟಿಯನ್ನು ಇಳಿದು ಬೆಳ್ತಂಗಡಿಯ ಕಡೆಯ ತಮ್ಮ ಊರಿಗೆ ಹೋಗಿಬರುವವರು. ಹಿಂದಿನ ಮಳೆಗಾಲದಲ್ಲಿ ಅವರ ಹಳೆಯ ತಗ್ಗು ಕಾರು ಘಾಟಿಯ ಒಂದು ತಿರುವಿನಲ್ಲಿ ಜಾರಿ, ರಸ್ತೆಯಂಚಿನ ಕೆಸರಿಗೆ ಇಳಿದು ನಿಂತಿತ್ತು. ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಮನೆಯವರೆಲ್ಲರಿಗೂ ಎತ್ತರದ, ಗಟ್ಟಿಮುಟ್ಟಾದ ಕಾರೇ ಬೇಕೆಂಬ ಹಂಬಲ ಹುಟ್ಟಿತು. ಎತ್ತರವಾದುದು ಕ್ಷೇಮವಾದುದೆಂಬುದು ಅವರ ನಂಬಿಕೆ. ಆ ನಂಬಿಕೆಯನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ. ಇದಕ್ಕೆ ಬೇಕಾದ ಗಣಿತವೆಲ್ಲ ಪಿ.ಯು. ತರಗತಿಯ ಪುಸ್ತಕದಲ್ಲಿಯೇ ಇದೆ.

ಕ್ರಾಸ್‌ಓವರ್ ಎಂದರೇನು?

ಹಿಂದೆ ಎತ್ತರದ ಗಾಡಿಯೆಂದರೆ ಜೀಪು. ಏಣಿಯಂತಿರುವ ಉಕ್ಕಿನ ಚಾಸಿಯನ್ನು ಮೊದಲು ಮಾಡಿ, ಅದರ ಮೇಲೆ ಗಾಡಿಯ ಮೈಯನ್ನು ಬೇರೆಯಾಗಿ ಕೂರಿಸುತ್ತಿದ್ದರು. ಸಾಮಾನ್ಯ ಕಾರಿನಲ್ಲಿಯಾದರೋ ಚಾಸಿಯೂ ಮೈಯೂ ಒಂದೇ ಪೆಟ್ಟಿಗೆಯಾಗಿ ಬೆಸೆದುಕೊಂಡಿರುತ್ತವೆ. ಕ್ರಾಸ್‌ಓವರ್ ಎಂಬುದು ಈ ಎರಡರ ನಡುವಿನ ಕೂಸು. ಕಟ್ಟಡ ಕಾರಿನದು, ನಿಲುವು ಜೀಪಿನದು. 1994ರಲ್ಲಿ ಜಪಾನಿನ ಟೊಯೋಟಾ ಕಂಪನಿಯು ಹೊರತಂದ ರಾವ್-4 ಈ ಜಾತಿಯ ಮೊದಲಿಗರಲ್ಲಿ ಒಂದು. ನಮ್ಮ ದೇಶದಲ್ಲಿ 2015ರಲ್ಲಿ ಬಂದ ಹುಂಡೈ ಕ್ರೆಟಾ ಇದನ್ನು ಮನೆಮಾತಾಗಿಸಿತು. ನಮ್ಮ ಅಂಗಡಿಗಳಲ್ಲಿ ಇವುಗಳನ್ನು ಎಸ್‌ಯುವಿ ಎಂದೇ ಕರೆಯುವುದು ವಾಡಿಕೆ. ಅಮೆರಿಕದಲ್ಲಿ ಮಧ್ಯಮ ಗಾತ್ರದ ಕ್ರಾಸ್‌ಓವರ್ ಎಂದರೆ ಸುಮಾರು 5 ಮೀಟರು ಉದ್ದದ ಗಾಡಿ. ನಮ್ಮಲ್ಲಿ 4 ಮೀಟರನ್ನು ದಾಟಿ ನಾಲ್ಕೂಕಾಲು, ನಾಲ್ಕೂವರೆಯ ಆಸುಪಾಸಿನಲ್ಲಿರುವುದೇ ಮಧ್ಯಮ ಗಾತ್ರ.

ಅಧ್ಯಾಪಕರ ಕೈಯಲ್ಲಿದ್ದ ಮೂರು ವಿವರಪತ್ರಗಳನ್ನು ಮೇಜಿನ ಮೇಲೆ ಹರಡಿದೆವು. 2024ರಲ್ಲಿ ಹೊಸ ರೂಪ ತಳೆದ ಕ್ರೆಟಾದ ಅಗಲ 1790 ಮಿಲಿಮೀಟರು, ಎತ್ತರ 1635. 2023ರಲ್ಲಿ ಬಂದ ಹೋಂಡಾ ಎಲಿವೇಟ್‌ನ ಅಗಲ 1790, ಎತ್ತರ 1650. 2022ರಲ್ಲಿ ಬಂದ ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾದ ಅಗಲ 1795, ಎತ್ತರ 1645. ಈ ಮೂರನೆಯ ಕಾರು ಹೊರಬಂದದ್ದು ನಮ್ಮ ಬಿಡದಿಯಲ್ಲಿರುವ ಟೊಯೋಟಾ ಕಾರ್ಖಾನೆಯಿಂದ ಎಂಬುದು ಅಧ್ಯಾಪಕರಿಗೆ ಹೊಸ ಸುದ್ದಿ.

ಅಂಕಿಗಳನ್ನು ಗಮನಿಸಿದಿರಾ? ಮೂರರ ಎತ್ತರದಲ್ಲಿರುವ ಅಂತರ 15 ಮಿಲಿಮೀಟರು, ಎಂದರೆ ಒಂದು ಬೆರಳಿನಗಲ. ಅಗಲದಲ್ಲಿ ಅಷ್ಟೂ ಇಲ್ಲ. ಹೋಂಡಾ ಕಂಪನಿಯದೇ ತಗ್ಗು ಕಾರಾದ ಸಿಟಿಯ ಎತ್ತರ 1489 ಮಿಲಿಮೀಟರು. ಕ್ರಾಸ್‌ಓವರು ಅದಕ್ಕಿಂತ ಒಂದು ಗೇಣಿಗೆ ಸ್ವಲ್ಪ ಕಡಿಮೆಯಷ್ಟು ಎತ್ತರ. ಆದುದರಿಂದ ಕ್ರಾಸ್‌ಓವರಿಗೂ ಕ್ರಾಸ್‌ಓವರಿಗೂ ಇರುವ ಭೇದಕ್ಕಿಂತ, ಕ್ರಾಸ್‌ಓವರಿಗೂ ತಗ್ಗು ಕಾರಿಗೂ ಇರುವ ಭೇದವೇ ದೊಡ್ಡದು. ಮೊದಲು ಅದನ್ನೇ ತೂಗಿ ನೋಡೋಣ.

ಜಾರುವುದೋ, ಮಗುಚುವುದೋ?

ಕಾರು ತಿರುವಿನಲ್ಲಿ ಸಾಗುವಾಗ ಅದರೊಳಗೆ ಕುಳಿತವರಿಗೆ ಹೊರಕ್ಕೆ ತಳ್ಳಿದಂತೆ ಭಾಸವಾಗುತ್ತದೆ. ಈ ತಳ್ಳಿಕೆಯು ಗುರುತ್ವಕೇಂದ್ರದ ಮೇಲೆ ವರ್ತಿಸಿ, ಹೊರಗಿನ ಚಕ್ರಗಳನ್ನು ಕೀಲಾಗಿ ಮಾಡಿಕೊಂಡು ಕಾರನ್ನು ಮಗುಚಲು ಯತ್ನಿಸುತ್ತದೆ. ಕಾರಿನ ತೂಕವಾದರೋ ಅದನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಈ ಹಗ್ಗಜಗ್ಗಾಟದಲ್ಲಿ ಗೆಲ್ಲುವವರಾರು ಎಂಬುದನ್ನು ನಿರ್ಣಯಿಸುವುದು ಎರಡೇ ಅಳತೆಗಳು: ಎಡಬಲ ಚಕ್ರಗಳ ನಡುವಿನ ಅಂತರ, ಮತ್ತು ಗುರುತ್ವಕೇಂದ್ರದ ಎತ್ತರ. ಅಂತರವನ್ನು ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಸ್ಥಿರತೆಯ ಅಂಕ ಎನ್ನೋಣ. ಅಮೆರಿಕ ಸರ್ಕಾರದ ರಸ್ತೆಸುರಕ್ಷತಾ ಇಲಾಖೆಯು 2001ರ ಮಾದರಿಗಳಿಂದ ಮೊದಲುಗೊಂಡು ಈ ಅಂಕವನ್ನು ಆಧರಿಸಿ ಕಾರುಗಳಿಗೆ ದರ್ಜೆ ಕೊಡತೊಡಗಿತು. ತಗ್ಗು ಕಾರುಗಳಿಗೆ ಇದು ಸಾಮಾನ್ಯವಾಗಿ 1.3ರಿಂದ 1.5, ಎತ್ತರದ ಗಾಡಿಗಳಿಗೆ 1.0ಯಿಂದ 1.3.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಚಕ್ರಗಳ ಅಂತರ 1.56 ಮೀಟರು, ಗುರುತ್ವಕೇಂದ್ರದ ಎತ್ತರ 0.65 ಮೀಟರು ಇರುವ ಕ್ರಾಸ್‌ಓವರಿನ ಅಂಕ 1.2. ಎಂದರೆ ಅದನ್ನು ಮಗುಚಲು ತೂಕದ 1.2ರಷ್ಟು ಅಡ್ಡಬಲ ಬೇಕು. ಒಣ ರಸ್ತೆಯಲ್ಲಿ ಟೈರಿನ ಘರ್ಷಣೆಯು ತೂಕದ 0.8ರಷ್ಟನ್ನು ಮಾತ್ರ ಕೊಡಬಲ್ಲದು. ಒದ್ದೆ ರಸ್ತೆಯಲ್ಲಿ 0.4ಕ್ಕೆ ಇಳಿಯಲೂಬಹುದು. ಆದುದರಿಂದ ಸಮತಟ್ಟಾದ ರಸ್ತೆಯಲ್ಲಿ ಕಾರು ಮಗುಚುವ ಮೊದಲೇ ಜಾರುತ್ತದೆ. 20 ಮೀಟರು ತ್ರಿಜ್ಯದ ಘಾಟಿ ತಿರುವಿನಲ್ಲಿ ಗಂಟೆಗೆ 36 ಕಿಲೋಮೀಟರು ವೇಗದಲ್ಲಿ ಹೋಗಲು ತೂಕದ 0.51ರಷ್ಟು ಅಡ್ಡಬಲ ಬೇಕು. ಅಷ್ಟನ್ನು ಒದ್ದೆ ರಸ್ತೆಯು ಕೊಡದಿದ್ದಾಗಲೇ ಅಧ್ಯಾಪಕರ ಕಾರು ಜಾರಿದ್ದು.

ಅಪಾಯವಿರುವುದು ಜಾರಿದ ಮೇಲೆ. ಅಡ್ಡವಾಗಿ ಜಾರುತ್ತಿರುವ ಚಕ್ರವು ರಸ್ತೆಯಂಚಿನ ಕಲ್ಲಿಗೋ ಕೆಸರಿಗೋ ಸಿಕ್ಕಿಕೊಂಡರೆ, ಘರ್ಷಣೆಯು ಕೊಡಲಾಗದ ಬಲವನ್ನು ಆ ಕಲ್ಲು ಕೊಟ್ಟುಬಿಡುತ್ತದೆ. ಎಡವಿದ ಮನುಷ್ಯನಂತೆ ಕಾರು ಬುಡಮೇಲಾಗುತ್ತದೆ. ಕಾರುಗಳು ಮಗುಚಿದ ಪ್ರಸಂಗಗಳಲ್ಲಿ ಬಹುಪಾಲು ಇಂತಹ ಎಡವುವಿಕೆಯಿಂದಲೇ ಆದುವು. ಅಂದು ಕೆಸರಿಗೆ ಇಳಿದು ನಿಂತ ಕಾರು ಮಗುಚದಿರಲು ಅದರ ತಗ್ಗುತನವೂ ಒಂದು ಕಾರಣವಾಗಿದ್ದೀತೆಂದು ನಾವು ಹೇಳಿದಾಗ ಅಧ್ಯಾಪಕರು ಸ್ವಲ್ಪ ಹೊತ್ತು ಮೌನವಾದರು.

ಕ್ಯಾರಿಯರಿನ ಮೇಲಿನ ಹಲಸು

ಇನ್ನೊಂದು ಸಂಗತಿಯನ್ನು ಅವರ ಮಗನೇ ಲೆಕ್ಕ ಹಾಕಿದನು. ಊರಿನಿಂದ ಮರಳುವಾಗ ಕಾರಿನ ತಲೆಯ ಮೇಲಿನ ಕ್ಯಾರಿಯರಿನಲ್ಲಿ ತೆಂಗಿನಕಾಯಿಯ ಮೂಟೆ, ಹಲಸಿನ ಹಣ್ಣು, ಅಕ್ಕಿ ಎಲ್ಲವೂ ಬರುತ್ತವೆ. ಒಟ್ಟು 75 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. 1300 ಕಿಲೋಗ್ರಾಂ ಕಾರಿನ ಗುರುತ್ವಕೇಂದ್ರ 0.65 ಮೀಟರು ಎತ್ತರದಲ್ಲಿ, ಹೊರೆಯದು 1.75 ಮೀಟರು ಎತ್ತರದಲ್ಲಿ. ಎರಡನ್ನೂ ಕೂಡಿಸಿದಾಗ ಒಟ್ಟು ಗುರುತ್ವಕೇಂದ್ರವು 0.71 ಮೀಟರಿಗೆ ಏರುತ್ತದೆ. ಸ್ಥಿರತೆಯ ಅಂಕವು 1.2ರಿಂದ 1.1ಕ್ಕೆ ಇಳಿಯುತ್ತದೆ. ಅದೇ ಸಾಮಾನನ್ನು ಡಿಕ್ಕಿಯಲ್ಲಿ ಇಟ್ಟರೆ ಅಂಕವು ಕದಲುವುದೇ ಇಲ್ಲವೆನ್ನಬಹುದು. ಎಂದ ಮೇಲೆ, ಕಾರುಗಳನ್ನು ಹೋಲಿಸುವಾಗ ಡಿಕ್ಕಿಯ ಅಳತೆಯನ್ನು ಕೇಳುವುದು ಕೇವಲ ಸೌಕರ್ಯದ ಪ್ರಶ್ನೆಯಲ್ಲ, ಅದು ಪ್ರಾಣದ ಪ್ರಶ್ನೆಯೂ ಹೌದು. ಗ್ರ್ಯಾಂಡ್ ವಿಟಾರಾದ ಹೈಬ್ರಿಡ್ ಮಾದರಿಯಲ್ಲಿ ಬ್ಯಾಟರಿಯು ಹಿಂಬದಿಯಲ್ಲಿರುವುದರಿಂದ ಡಿಕ್ಕಿ ಚಿಕ್ಕದು. ಮಿಕ್ಕ ಹೊರೆ ತಲೆಯ ಮೇಲೇರುವುದಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆಂದು ಕ್ರಾಸ್‌ಓವರುಗಳು ತ್ಯಾಜ್ಯವೆಂದು ಭಾವಿಸಬಾರದು. ಚಕ್ರಗಳು ಜಾರತೊಡಗಿದ ಕ್ಷಣವೇ ಅದನ್ನರಿತು, ಬೇಕಾದ ಒಂದೇ ಚಕ್ರಕ್ಕೆ ತಾನಾಗಿ ಬ್ರೇಕು ಒತ್ತಿ ಕಾರನ್ನು ದಾರಿಗೆ ತರುವ ವಿದ್ಯುನ್ಮಾನ ಸಾಧನವೊಂದುಂಟು. ಇದಕ್ಕೆ ಇಎಸ್‌ಸಿ ಎಂದು ಹೆಸರು. ಎಡವುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಇದರ ಕೆಲಸ. ಅಮೆರಿಕದಲ್ಲಿ 2012ರ ಮಾದರಿಗಳಿಂದ ಇದು ಕಡ್ಡಾಯವಾಯಿತು. ಎತ್ತರದ ಕಾರನ್ನು ಕೊಳ್ಳುವವರು ಚಾವಣಿಯ ಗಾಜಿನ ಕಿಟಕಿಗಿಂತ ಮೊದಲು ಇದನ್ನು ಕೇಳಬೇಕು.

ನಕ್ಷತ್ರಗಳ ಅರ್ಥ

ನಮ್ಮ ದೇಶದಲ್ಲಿ 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆಯು ಜಾರಿಗೆ ಬಂದಿತು. ಕಾರನ್ನು ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಒಂದು ತಡೆಗೆ ಗುದ್ದಿಸಿ, ಒಳಗಿನ ಬೊಂಬೆಗಳಿಗೆ ಆದ ಪೆಟ್ಟನ್ನು ಅಳೆದು, ಐದರವರೆಗೆ ನಕ್ಷತ್ರಗಳನ್ನು ಕೊಡುತ್ತಾರೆ. ಗಂಟೆಗೆ 64 ಕಿಲೋಮೀಟರು ಎಂದರೆ ಸೆಕೆಂಡಿಗೆ 17.8 ಮೀಟರು. ಈ ವೇಗದ ಗುದ್ದು 16 ಮೀಟರು ಎತ್ತರದಿಂದ, ಎಂದರೆ ಐದಂತಸ್ತಿನ ಕಟ್ಟಡದ ಮೇಲಿನಿಂದ ಬಿದ್ದುದಕ್ಕೆ ಸಮ. ಕಾರಿನ ಮೂತಿಯು 60 ಸೆಂಟಿಮೀಟರು ನಜ್ಜುಗುಜ್ಜಾಗಿ ಒಳಗಿನವರನ್ನು ನಿಧಾನಿಸಿತೆಂದರೂ, ಅವರ ಮೇಲೆ ಸರಾಸರಿ ಅವರ ತೂಕದ 27ರಷ್ಟು ಬಲ ಬೀಳುತ್ತದೆ. ಮೂತಿಯು ಮುದುಡಬೇಕು, ಕೂರುವ ಕೋಣೆಯು ಮುದುಡಬಾರದು. ಒಳ್ಳೆಯ ಕಾರಿನ ಗುಟ್ಟು ಇಷ್ಟೇ. ತಗಡನ್ನು ಬೆರಳಿನಿಂದ ಒತ್ತಿ ನೋಡಿ ಗಟ್ಟಿತನವನ್ನು ತಿಳಿಯಬಹುದೆಂಬುದು ಭ್ರಮೆ.

"ಹುಡುಗಿ ಅಜ್ಜಿಯ ತೊಡೆಯ ಮೇಲೆ ಕೂತರೆ ಭದ್ರವಲ್ಲವೆ?" ಎಂದು ಅಧ್ಯಾಪಕರು ಕೇಳಿದರು. ಮಗುವಿನ ತೂಕ 20 ಕಿಲೋಗ್ರಾಂ. ಅದನ್ನು 27ರಿಂದ ಗುಣಿಸಿದರೆ 540. ಹತ್ತಕ್ಕೂ ಮಿಕ್ಕ ಅಕ್ಕಿಮೂಟೆಗಳ ಭಾರವನ್ನು ಆ ಕ್ಷಣದಲ್ಲಿ ಅಜ್ಜಿಯ ಕೈಗಳು ಹಿಡಿದಿಡಬೇಕು. ಯಾವ ಅಕ್ಕರೆಗೂ ಆ ಶಕ್ತಿಯಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಕೂರುವ ಮನೆಯವರು ನಡುವಣ ಜಾಗಕ್ಕೂ ಭುಜದ ಮೇಲಿಂದ ಹಾಯುವ ಬೆಲ್ಟು ಇದೆಯೇ, ಮಗುವಿನ ಆಸನವನ್ನು ಬಿಗಿಯುವ ಕೊಂಡಿಗಳಿವೆಯೇ ಎಂಬುದನ್ನು ಸ್ವತಃ ಕೈಯಿಟ್ಟು ನೋಡಬೇಕು.

ನಕ್ಷತ್ರಗಳಿಗೂ ಒಂದು ಎಲ್ಲೆಯುಂಟು. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಚಲನಶಕ್ತಿಯು ಪರೀಕ್ಷೆಯ ವೇಗದಲ್ಲಿದ್ದುದರ 2.4ರಷ್ಟಾಗುತ್ತದೆ, ಬೀಳುವ ಎತ್ತರ 39 ಮೀಟರು. ಆ ವೇಗದಲ್ಲಿ ಏನಾಗುವುದೆಂಬುದನ್ನು ಐದು ನಕ್ಷತ್ರಗಳು ಹೇಳುವುದಿಲ್ಲ.

ಗಾಳಿ, ಭಾರ ಮತ್ತು ಪೆಟ್ರೋಲು

ಎತ್ತರದ ಕಾರು ಗಾಳಿಗೆ ಅಗಲವಾದ ಎದೆಯನ್ನೊಡ್ಡುತ್ತದೆ. ಗಾಳಿಯ ತಡೆಯು ಈ ಎದೆಯ ವಿಸ್ತೀರ್ಣಕ್ಕೂ ವೇಗದ ವರ್ಗಕ್ಕೂ ಅನುಗುಣವಾಗಿ ಏರುತ್ತದೆ. ಸಾಧಾರಣ ಅಂಕಿಗಳನ್ನು ಹಿಡಿದರೆ, ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಕ್ರಾಸ್‌ಓವರಿಗೆ ಸುಮಾರು 400 ನ್ಯೂಟನ್, ತಗ್ಗು ಕಾರಿಗೆ ಸುಮಾರು 300 ನ್ಯೂಟನ್ ತಡೆ. 40ರ ವೇಗದಲ್ಲಿಯಾದರೋ ಕ್ರಾಸ್‌ಓವರಿಗೂ 65 ನ್ಯೂಟನ್ ಮಾತ್ರ. ಊರೊಳಗೆ ಪೆಟ್ರೋಲನ್ನು ನುಂಗುವುದು ಗಾಳಿಯಲ್ಲ, ಭಾರ. 1500 ಕಿಲೋಗ್ರಾಂ ಭಾರವು 40ರ ವೇಗದಿಂದ ನಿಂತಾಗಲೆಲ್ಲ ಸುಮಾರು 92,600 ಜೂಲ್ ಶಕ್ತಿಯು ಬ್ರೇಕಿನಲ್ಲಿ ಶಾಖವಾಗಿ ಹಾಳಾಗುತ್ತದೆ. ಹೈಬ್ರಿಡ್ ಕಾರು ಇದರಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿಸಿ, ಮುಂದಿನ ಹೊರಡುವಿಕೆಗೆ ಬಳಸುತ್ತದೆ.

ಇದಕ್ಕೆ ನಿಜವಾದ ನಿದರ್ಶನಗಳುಂಟು. ಹೋಂಡಾ ಸಿಟಿ ಮತ್ತು ಎಲಿವೇಟ್ ಎರಡರಲ್ಲಿಯೂ ಇರುವುದು ಅದೇ 1.5 ಲೀಟರಿನ ಎಂಜಿನು. 2023ರಲ್ಲಿ ಕೈಗೇರಿನ ಮಾದರಿಗಳಿಗೆ ಕಂಪನಿಯು ತಿಳಿಸಿದ ಅಂಕಿ ಲೀಟರಿಗೆ ಅನುಕ್ರಮವಾಗಿ 17.8 ಮತ್ತು 15.31 ಕಿಲೋಮೀಟರು. ಎತ್ತರ, ಭಾರ, ಗೇರಿನ ಜೋಡಣೆ ಎಲ್ಲವೂ ಸೇರಿ ಆದ ವ್ಯತ್ಯಾಸವಿದು. ಗ್ರ್ಯಾಂಡ್ ವಿಟಾರಾದ ಕೈಗೇರಿನ ಪೆಟ್ರೋಲು ಮಾದರಿಗೆ 21.11, ಪೂರ್ಣ ಹೈಬ್ರಿಡ್ಡಿಗೆ 27.97 ಎಂದು ಘೋಷಿಸಿದ್ದರು. ಇವೆಲ್ಲವೂ ಪ್ರಯೋಗಶಾಲೆಯ ಉರುಳೆಗಳ ಮೇಲೆ, ನಿಂತು ಹೊರಡುವ ಕ್ರಮದಲ್ಲಿ ಓಡಿಸಿ ಪಡೆದ ಅಂಕಿಗಳು. ನಿತ್ಯವೂ ಪೇಟೆಯಲ್ಲಿ ಓಡಾಡುವವರಿಗೆ ಹೈಬ್ರಿಡ್ಡಿನ ಲಾಭ ಹೆಚ್ಚು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವವರಿಗೆ ಕಡಿಮೆ.

ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವನ್ನು ಹರಿಸುವ ಮಾದರಿಗಳ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಕೆಸರಿನಿಂದ ಹೊರಡಲು ಅದು ಸಹಾಯಕ. ಆದರೆ ನಿಲ್ಲಲು ಅದರಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಬ್ರೇಕು ಎಲ್ಲ ಕಾರುಗಳಲ್ಲಿಯೂ ನಾಲ್ಕು ಚಕ್ರಗಳಿಗೇ ಇರುತ್ತದೆ. 60ರ ವೇಗದಿಂದ ನಿಲ್ಲಲು ಒಣ ರಸ್ತೆಯಲ್ಲಿ 18 ಮೀಟರು ಸಾಕಾದರೆ, ಒದ್ದೆ ರಸ್ತೆಯಲ್ಲಿ 35 ಮೀಟರು ಬೇಕಾದೀತು. ಅದನ್ನು ನಿರ್ಧರಿಸುವುದು ಟೈರು ಮತ್ತು ರಸ್ತೆ, ಬಾನೆಟ್ಟಿನ ಮೇಲಿನ ಹೆಸರಲ್ಲ.

ಕೊನೆಗೆ ಆದದ್ದೇನು?

ಅಧ್ಯಾಪಕರು ಕ್ರಾಸ್‌ಓವರನ್ನೇ ಕೊಂಡರು; ಅದು ಸರಿಯಾದ ತೀರ್ಮಾನವೆಂದೇ ನಮ್ಮ ಅಭಿಪ್ರಾಯ. ತಗ್ಗು ಸೀಟಿನಿಂದ ಏಳುವಾಗ ತಾಯಿಯವರ ಮಂಡಿಗಳು ದೇಹವನ್ನು ಹೆಚ್ಚು ಎತ್ತರಕ್ಕೆ ಎತ್ತಬೇಕು. ಹಳ್ಳಿಯ ರಸ್ತೆಯ ಉಬ್ಬುಗಳು ಕಾರಿನ ಹೊಟ್ಟೆಯನ್ನು ಕೆರೆಯುತ್ತವೆ. ಇವೂ ಭೌತಶಾಸ್ತ್ರದ ಕಾರಣಗಳೇ. ಎತ್ತರದಿಂದ ಲಾಭವಿಲ್ಲವೆಂದಲ್ಲ, ಅದು ಪುಕ್ಕಟೆಯಾಗಿ ಬರುವುದಿಲ್ಲ, ಅಷ್ಟೆ. ಆ ಸಾಲವನ್ನು ತೀರಿಸುವ ಬಗೆಯೇ ಡಿಕ್ಕಿಯೊಳಗಿನ ಹೊರೆ, ಐದು ಬೆಲ್ಟುಗಳು, ಒಳ್ಳೆಯ ಟೈರು ಮತ್ತು ತಿರುವಿನಲ್ಲಿ ತಗ್ಗಿದ ವೇಗ. ವೇಗವನ್ನು ಅರ್ಧ ಮಾಡಿದರೆ ಅಡ್ಡಬಲವೂ ಚಲನಶಕ್ತಿಯೂ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತವೆ. ಯಾವ ಕಂಪನಿಯೂ ಮಾರಲಾರದ, ಯಾವ ಚಾಲಕನೂ ಹಣ ತೆರದೆ ಪಡೆಯಬಹುದಾದ ಸಾಧನವಿದು.

ಮೊನ್ನೆ ಊರಿನಿಂದ ಮರಳಿದ ಅವರು ನಮಗೊಂದು ಹಲಸಿನ ಹಣ್ಣನ್ನು ತಂದುಕೊಟ್ಟರು. "ಕ್ಯಾರಿಯರು ಬೇಡವೆಂದು ಮಗ ಹಟ ಹಿಡಿದ. ಡಿಕ್ಕಿಯಲ್ಲಿ ಹಿಡಿಸಿದ್ದು ಎರಡೇ, ಅದರಲ್ಲಿ ಒಂದು ನಿಮ್ಮದು" ಎಂದರು.