ಗೋಡೆಯ ಬಿರುಕು, ಬುನಾದಿಯ ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯ ಗೋಡೆ ಬಿರಿದಾಗ ಗೃಹಸ್ಥನಿಗಾಗುವ ಚಿಂತೆಯೂ ಅದಕ್ಕಿಂತ ಕಡಿಮೆಯದಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಎರೆಭೂಮಿಯಲ್ಲಿ ನೆಲೆಸಿದ ನಮ್ಮ ಕುಟುಂಬಗಳಿಗೆ ಇದು ಪ್ರತಿ ಬೇಸಿಗೆಯ ಚಿಂತೆ. ಬಿರುಕು ಕಂಡೊಡನೆ ಕೆಲವರು ಬುನಾದಿ ಅಗೆಸಲು ಹೊರಡುತ್ತಾರೆ. ಕೆಲವರು ಸುಣ್ಣ ಬಳಿದು ಮರೆತುಬಿಡುತ್ತಾರೆ. ಮೊದಲನೆಯವರಿಗೆ ಹಣ ನಷ್ಟ, ಎರಡನೆಯವರಿಗೆ ಮನೆಯೇ ನಷ್ಟವಾದೀತು. ಬಿರುಕು ಬೆಳೆಯುತ್ತಿದೆಯೇ, ನಿಂತಿದೆಯೇ ಎಂಬುದನ್ನು ಅರಿತ ಬಳಿಕವೇ ಮುಂದಿನ ಹೆಜ್ಜೆ ಇಡಬೇಕು.

ಎರೆಮಣ್ಣಿನ ಗುಣ

ಎರೆಮಣ್ಣು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗಿ, ಹೊಲದಲ್ಲಿ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಮನೆಯ ಕೆಳಗೂ ಇದೇ ಆಟ. ಆದರೆ ಮನೆಯ ನಡುಭಾಗದ ಮಣ್ಣಿಗೆ ಬಿಸಿಲು ಮಳೆಗಳು ನೇರವಾಗಿ ತಾಗುವುದಿಲ್ಲ. ಅಂಚಿನ ಮಣ್ಣಿಗೆ ಎರಡೂ ತಾಗುತ್ತವೆ. ಅಂಚು ಏರಿಳಿದು ನಡುಭಾಗ ನಿಂತಲ್ಲೇ ನಿಂತಾಗ ಗೋಡೆ ಸೀಳುತ್ತದೆ. ಮೂಲೆಗಳು ಮೊದಲು ಕೆಡುವುದು ಇದರಿಂದಲೇ. ಆಳವಾದ ಎರೆಭೂಮಿಯಲ್ಲಿ ಈ ಚಲನೆ ಸುಮಾರು 3.5 ಮೀಟರಿನವರೆಗೂ ಇರುವುದುಂಟು. ಗಟ್ಟಿ ಗರಸನ್ನು ಮುಟ್ಟದೆ ಎರಡು ಮೂರು ಅಡಿಗೆ ನಿಲ್ಲಿಸಿದ ಬುನಾದಿ ಮಣ್ಣಿನೊಡನೆ ತಾನೂ ಅಲುಗುತ್ತದೆ.

ಬಿರುಕನ್ನು ಓದುವ ಬಗೆ

ಗಿಲಾವಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕಿಗೂ ಬುನಾದಿಗೂ ಸಂಬಂಧವಿಲ್ಲ. ಅದು ಗಿಲಾವು ಒಣಗಿದ ಗುರುತು. ಕಾಂಕ್ರೀಟ್ ಛಾವಣಿಯ ಕೆಳಗೆ ಅಡ್ಡಲಾಗಿ ಸಾಗುವ ಗೆರೆ ಬಹುತೇಕ ಬಿಸಿಲಿಗೆ ಛಾವಣಿ ಹಿಗ್ಗಿದುದರ ಫಲ. ಹಳೆಯ ಗೋಡೆಗೆ ಹೊಸ ಕೋಣೆ ಸೇರಿದಲ್ಲಿ ನೆಟ್ಟಗೆ ಇಳಿಯುವ ಸೀಳು ಬೆಸುಗೆಯ ಕೊರತೆಯನ್ನೋ ಹೊಸ ಭಾಗ ಕುಸಿದುದನ್ನೋ ಹೇಳುತ್ತದೆ.

ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಸಾಗುವ, ಒಂದು ತುದಿಯಲ್ಲಿ ಅಗಲವಾದ, ಒಳಗೂ ಹೊರಗೂ ಕಾಣುವ ಬಿರುಕನ್ನು ಮಾತ್ರ ಹಗುರವಾಗಿ ನೋಡಬಾರದು. ಜೊತೆಗೆ ಚೌಕಟ್ಟು ಓರೆಯಾಗಿದ್ದರೆ, ನೆಲದ ಫರಸಿ ಒಂದೆಡೆ ಇಳಿದಿದ್ದರೆ ಸಂಶಯ ಬಲಗೊಳ್ಳುತ್ತದೆ. ಮಳೆಗಾಲದಲ್ಲಷ್ಟೇ ಬಾಗಿಲು ಬಿಗಿಯಾದರೆ ಅದು ಕಟ್ಟಿಗೆ ಉಬ್ಬಿದ್ದರಿಂದಲೂ ಇರಬಹುದು.

ಹಳೆಯ ಕಲ್ಲುಮಣ್ಣಿನ ಗೋಡೆ ಹೊಟ್ಟೆ ಬಿಟ್ಟಿದ್ದರೆ ಕಾಯುವಂತಿಲ್ಲ. ಗೌಂಡಿಗಳು ಓಳಂಬಿ ಎನ್ನುವ ತೂಗುಗುಂಡನ್ನು ಇಳಿಬಿಟ್ಟರೆ ಅದು ತಿಳಿಯುತ್ತದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಭೂಕಂಪದಲ್ಲಿ ಸಾವಿರಾರು ಜನರು ಸತ್ತುದು ಇಂಥ ದಪ್ಪ ಗೋಡೆಗಳ, ಭಾರವಾದ ಮಣ್ಣಿನ ಮಾಳಿಗೆಗಳ ಅಡಿಯಲ್ಲಿ.

ಗಾಜಿನ ಸಾಕ್ಷಿ

ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು, ಎರಡು ತುದಿಗಳನ್ನೂ ಸಿಮೆಂಟಿನಿಂದ ಗೋಡೆಗೆ ಅಂಟಿಸಿ ತಾರೀಖು ಬರೆಯಿರಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಬಿರುಕಿನ ತುದಿಗೂ ಪೆನ್ಸಿಲ್ ಗುರುತು ಹಾಕಿ, ತಿಂಗಳಿಗೊಮ್ಮೆ ಅಗಲವನ್ನು ಅಳೆದು ಬರೆದಿಡಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಲಿ. ಋತುವಿನೊಡನೆ ತೆರೆದು ಮುಚ್ಚುವ ಬಿರುಕು ಮಣ್ಣಿನ ಏರಿಳಿತದ್ದು. ವರ್ಷವಿಡೀ ಅಗಲವಾಗುತ್ತಲೇ ಹೋಗುವುದು ಬುನಾದಿ ಕುಸಿಯುತ್ತಿರುವುದರ ಸೂಚನೆ. ಅಗಲ 5 ಮಿಲಿಮೀಟರ್ ದಾಟಿದರೆ ಇಂಜಿನಿಯರರಿಗೆ ತೋರಿಸುವುದು ಲೇಸು; ಬೆರಳು ಹೋಗುವಷ್ಟಾದರೆ ವರ್ಷ ಕಾಯದೆ ಕೂಡಲೇ ಕರೆಯಬೇಕು.

ಮೊದಲು ನೀರಿನ ವ್ಯವಸ್ಥೆ

ಬುನಾದಿಗೆ ಕೈಹಾಕುವ ಮುನ್ನ ಮನೆಯ ಸುತ್ತ ಒಮ್ಮೆ ನಡೆದು ನೋಡಿರಿ. ಬಚ್ಚಲ ನೀರು ಗೋಡೆಯ ಬುಡದಲ್ಲಿ ಇಂಗುತ್ತಿದೆಯೇ? ಮಾಳಿಗೆಯ ನೀರು ಅಲ್ಲಿಯೇ ಬೀಳುತ್ತಿದೆಯೇ? ದೊಡ್ಡ ಮರ ಗೋಡೆಗೆ ಹತ್ತಿರವಿದೆಯೇ? ನೀರನ್ನು ಮೋರಿಯಿಂದ ದೂರ ಸಾಗಿಸಿ, ಗೋಡೆಯ ಸುತ್ತ ಮೂರು ನಾಲ್ಕು ಅಡಿ ಅಗಲದ ಹೊರಜಾರಿನ ಹಾಸನ್ನು ಮಾಡಿಸಿದರೆ ಎಷ್ಟೋ ಬಿರುಕುಗಳು ಅಲ್ಲಿಗೇ ನಿಲ್ಲುತ್ತವೆ. ಮರವನ್ನು ಮಾತ್ರ ಆತುರದಿಂದ ಕಡಿಸಬಾರದು. ಬೇರು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ನೆಲ ಉಬ್ಬೀತು.

ಇಷ್ಟಾದ ಮೇಲೂ ಬಿರುಕು ಬೆಳೆದರೆ ಬುನಾದಿಯ ದುರಸ್ತಿ ಅನಿವಾರ್ಯ. ಆಗಲೂ ಗೋಡೆಯ ಉದ್ದಕ್ಕೂ ಒಮ್ಮೆಲೇ ಅಗೆಯಗೊಡಬಾರದು. ಮೂರು ನಾಲ್ಕು ಅಡಿಯ ತುಂಡುಗಳಾಗಿ, ಒಂದನ್ನು ಬಿಟ್ಟು ಒಂದನ್ನು ಅಗೆದು, ಕೆಳಗೆ ಹೊಸ ಕಟ್ಟಡ ಸೇರಿಸಿ, ಅದು ಗಟ್ಟಿಯಾದ ಬಳಿಕವೇ ಮುಂದಿನದಕ್ಕೆ ಕೈಹಾಕಬೇಕು. ಇದು ಇಂಜಿನಿಯರರ ಕಣ್ಣೆದುರೇ ನಡೆಯತಕ್ಕ ಕೆಲಸ. ತಾರೀಖು, ಅಳತೆಗಳನ್ನು ಬರೆದಿಟ್ಟ ಪುಸ್ತಕವನ್ನು ಅವರ ಮುಂದಿಡಿರಿ. ರೋಗ ಯಾವುದೆಂಬುದು ಅವರಿಗೆ ಬೇಗ ತಿಳಿಯುತ್ತದೆ, ಬೇಡದ ಖರ್ಚಿನಿಂದ ನೀವೂ ಉಳಿಯುತ್ತೀರಿ.